ಚುಕ್ಕಿ ಕೊರಳು, ಪಟ್ಟಿ ಕೊರಳು

ಅವರ ಉಗುರುಗಳ ಮೇಲೆ ಅಡ್ಡಡ್ಡ ಬಿಳಿ ಗೆರೆಗಳಿದ್ದವು. ಒಂದೆರಡು ಬೆರಳಿಗಲ್ಲ, ಎಲ್ಲ ಬೆರಳಿಗೂ. ಅಂಗೈ ಚರ್ಮ ಗಂಟುಗಂಟಾಗಿ ಒರಟಾಗಿತ್ತು. ಭಾಲ್ಕಿಯ ಶಾಲೆಗೆ ನಾನು ಚಿತ್ರಕಲೆಯ ಮಾಸ್ತರನಾಗಿ ಸೇರಿದ ದಿನ ಅವರು ನನ್ನ ಕೈ ಹಿಡಿಯಲಿಲ್ಲ, ದೂರದಿಂದಲೇ ಎದೆಯ ಮೇಲೆ ಕೈಯಿಟ್ಟು ಸಲಾಮು ಮಾಡಿದರು. ಮಧ್ಯಾಹ್ನ ಊಟಕ್ಕೆ ಕೂತಾಗ ಕೋಟಿನ ಜೇಬಿನಿಂದ ಚಮಚ ತೆಗೆದು, ರೊಟ್ಟಿಯನ್ನೂ ಅದರಿಂದಲೇ ಮುರಿದು ತಿಂದರು. ಹೈದರಾಬಾದಿನ ನವಾಬಗಿರಿ ತೋರಿಸುವ ಮನುಷ್ಯ ಎಂದು ನಾನು ಆಗಲೇ ತೀರ್ಮಾನಿಸಿಬಿಟ್ಟೆ. ಆ ವಯಸ್ಸಿನಲ್ಲಿ ನನ್ನ ತೀರ್ಮಾನಗಳೆಲ್ಲ ಬಲು ಬೇಗ ಆಗುತ್ತಿದ್ದವು.

ಅವರು ವಿಜ್ಞಾನದ ಮಾಸ್ತರರು, ನನಗಿಂತ ಇಪ್ಪತ್ತು ವರ್ಷಕ್ಕಾದರೂ ಹಿರಿಯರು. ಹುಡುಗರು ಬೆನ್ನ ಹಿಂದೆ 'ಫಾಕ್ತಾ ಮಾಸ್ತರ' ಅನ್ನುತ್ತಿದ್ದರು. ನಾವು ಬೆಳವ ಅನ್ನುವ ಹಕ್ಕಿಗೆ ಬೀದರ ಕಡೆಯ ಉರ್ದುವಿನಲ್ಲಿ ಫಾಕ್ತಾ. ಅವರ ಕೋಣೆಯಲ್ಲಿ ಸಾಗವಾನಿ ಪೆಟ್ಟಿಗೆಯೊಂದಿತ್ತು. ಮುಚ್ಚಳ ತೆಗೆದರೆ ಹತ್ತಿಯ ಹಾಸಿನ ಮೇಲೆ ಸಾಲಾಗಿ ಬೆಳವಗಳು, ಬೆನ್ನು ಕೆಳಗೆ, ಎದೆ ಮೇಲೆ, ಕಾಲಿಗೆ ಚೀಟಿ. ಬೇಟೆಗಾರರಿಂದ ಸತ್ತ ಹಕ್ಕಿ ಕೊಂಡು, ಮಾಂಸ ಬಿಡಿಸಿ, ಚರ್ಮದೊಳಗೆ ಹತ್ತಿ ತುಂಬಿ ಹೊಲಿಯುತ್ತಿದ್ದರು. ಚರ್ಮದ ಒಳಮೈಗೆ ಸೋಮಲ ಕಲಸಿದ ಸಾಬೂನು ಸವರಬೇಕು, ಪ್ರತಿ ಮಳೆಗಾಲಕ್ಕೆ ಮೊದಲು ಗರಿಯ ಬುಡಕ್ಕೂ ಮತ್ತೆ ಹಚ್ಚಬೇಕು. ಸೋಮಲವೆಂದರೆ ಘೋರ ವಿಷ. ಅದಿಲ್ಲದಿದ್ದರೆ ಒಂದೇ ಮಳೆಗಾಲಕ್ಕೆ ಹುಳ ಹತ್ತಿ ಹಕ್ಕಿಯೆಲ್ಲ ಪುಡಿ. ಎಷ್ಟು ತೊಳೆದರೂ ಬೆರಳುಗಳ ಮೇಲೆ ಅವರಿಗೆ ನಂಬಿಕೆಯಿರಲಿಲ್ಲ. ಕೈ ಕುಲುಕದಿದ್ದುದಕ್ಕೂ ಚಮಚಕ್ಕೂ ಕಾರಣ ಅದು. ತಿಳಿದ ಮೇಲೆ ನನ್ನ ಸಿಟ್ಟು ಇಳಿಯಿತು, ಹೆದರಿಕೆ ಶುರುವಾಯಿತು.

ಅವರ ತಕರಾರು ಇಷ್ಟೇ. ನಮ್ಮ ಹೊಲ, ಕಣಗಳಲ್ಲಿ ನೆಲದ ಮೇಲೆ ಓಡಾಡಿ ಕಾಳು ಹೆಕ್ಕುವ ಬೆಳವಗಳಲ್ಲಿ ನಾಲ್ಕು ಬಗೆ. ಎರಡಕ್ಕೆ ಕತ್ತಿನ ಹಿಂದೆ ಕಪ್ಪು ಪಟ್ಟಿ: ಒಂದು ಬೂದು ಬಣ್ಣದ ದೊಡ್ಡದು, ಇನ್ನೊಂದು ಇಟ್ಟಿಗೆ ಬಣ್ಣದ ಸಣ್ಣದು. ಉಳಿದೆರಡಕ್ಕೆ ಪಟ್ಟಿಯಿಲ್ಲ, ಕೊರಳಿಗೆ ಚುಕ್ಕಿಗಳು: ಒಂದು ದೊಡ್ಡದು, ಇನ್ನೊಂದು ಕೆಂಚು ಬಣ್ಣದ ಸಣ್ಣದು. ಪುಸ್ತಕ ಬರೆದ ಪಂಡಿತರು ನಾಲ್ಕನ್ನೂ ಒಂದೇ ಕುಲಕ್ಕೆ ಸೇರಿಸಿದ್ದರು. ಮಾಸ್ತರರು ಸುತರಾಂ ಒಪ್ಪುತ್ತಿರಲಿಲ್ಲ. ಚುಕ್ಕಿಯವು ಒಂದು ಮನೆ, ಪಟ್ಟಿಯವು ಇನ್ನೊಂದು ಮನೆ. ಚುಕ್ಕಿಯವುಗಳಿಗೆ ಬಾಲದ ಅಳತೆಗೆ ರೆಕ್ಕೆ ಮೋಟು, ಕೂಗು ಬೇರೆ, ನೆಲದ ಮೇಲಿನ ನಡಿಗೆಯೂ ಬೇರೆ ಎನ್ನುತ್ತಿದ್ದರು.

"ಬಣ್ಣ ನೋಡಿ ಕೂಡಿಸಬ್ಯಾಡ್ರಿ ಭಾಯಿ," ಎಂದು ನನಗೆ ಸದಾ ಹೇಳುವರು. "ಬಣ್ಣ ಮೋಸ ಮಾಡ್ತದ. ಹ್ಯಾಂಗ ನಡಿತಾವ, ಅದು ನೋಡ್ರಿ."

ನನ್ನ ಮೊಮ್ಮಗಳು ಬೀದರಿನ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಾಳೆ. ಈಚೆಗೆ ಹಕ್ಕಿಗಳ ರಕ್ತದ ಕಣ ಹಿಡಿದು ಪರೀಕ್ಷೆ ಮಾಡಿದವರು ಚುಕ್ಕಿಯ ಬೆಳವಗಳನ್ನು ಬೇರೆ ಕುಲವೆಂದು ತೆಗೆದಿಟ್ಟಿದ್ದಾರೆ ಎಂದು ಅವಳೇ ಹೇಳಿದಳು. ಭಾಲ್ಕಿಯ ಒಂದು ಕೋಣೆಯಲ್ಲಿ ಕೂತು ಒಬ್ಬ ಮಾಸ್ತರ ಇದನ್ನು ಹೇಳಿದ್ದರೆಂದು ನಾನು ಅಂದರೆ, ಸಾಕ್ಷಿ ಏನದ ಅಜ್ಜಾ ಎಂದು ಕೇಳುತ್ತಾಳೆ. ಕೇಳುವುದು ನ್ಯಾಯವೇ. ಸಾಕ್ಷಿ ಆ ಪೆಟ್ಟಿಗೆಯಲ್ಲಿತ್ತು.

ಶಾಲೆಯ ಹಿಂದಿನ ಅಂಗಳದಲ್ಲಿ ಅವರು ಜರಡಿ ಹಿಡಿದ ಬೂದಿ ಹರಡಿ ಮೇಲೆ ಹೆಸರುಕಾಳು ಚೆಲ್ಲುವರು. ಹಕ್ಕಿ ಬಂದು ತಿಂದು ಹೋದ ಮೇಲೆ ಬೂದಿಯಲ್ಲಿ ಉಳಿದ ಹೆಜ್ಜೆಗಳನ್ನು ನಾನು ಕಾಗದಕ್ಕೆ ಇಳಿಸಬೇಕು. ಮೊದಮೊದಲು ಹಿರಿಯರ ಮಾತೆಂದು ಮಾಡಿದೆ, ಆಮೇಲೆ ನನಗೇ ರುಚಿ ಹತ್ತಿತು. ಆದರೆ ಅದು ನಲವತ್ತೆಂಟನೇ ಇಸವಿ, ನಿಜಾಮನ ಪಕ್ಷದ ರಜಾಕಾರರ ಹಾವಳಿಯ ಕಾಲ. ಗಡಿಯಾಚೆ ನಿಜಾಮನ ವಿರುದ್ಧದ ಹೋರಾಟಗಾರರ ಕ್ಯಾಂಪುಗಳಿದ್ದವು, ಈಚೆ ಖಾಕಿ ತೊಟ್ಟ ಹುಡುಗರು ಯಾರ ಮನೆಗಾದರೂ ನುಗ್ಗುತ್ತಿದ್ದರು. ಒಂದು ಮಧ್ಯಾಹ್ನ ನಾನು ಬೂದಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಬರೆಯುತ್ತಿದ್ದಾಗ ರಜಾಕಾರರ ಗುಂಪೊಂದು ಒಳಗೆ ಬಂತು. ಬೆಳವದ ಹೆಜ್ಜೆ ಕಾಗದದ ಮೇಲೆ ಬಾಣದ ಗುರುತಿನಂತೆಯೇ ಕಾಣುತ್ತದೆ. ಹಾಳೆಯ ತುಂಬ ಬಾಣಗಳು.

"ಯಾವ ಕ್ಯಾಂಪಿನ ನಕಾಶಿ ಇದು?" ಎಂದು ಅವರ ಮುಂದಾಳು ಹಾಳೆ ಕಿತ್ತುಕೊಂಡು ನನ್ನ ತೋಳು ಹಿಂದಕ್ಕೆ ತಿರುಚಿದ.

ಹಕ್ಕಿಯ ಹೆಜ್ಜೆ ಎಂದೆ. ಅವರು ನಕ್ಕರು. ನನಗೇ ಆ ಮಾತು ಸುಳ್ಳಿನಂತೆ ಕೇಳಿಸಿತು. ಗದ್ದಲಕ್ಕೆ ಮಾಸ್ತರರು ಹೊರಗೆ ಬಂದರು. ನನ್ನನ್ನು ಬಿಡಿಸುತ್ತಾರೆ ಅಂದುಕೊಂಡರೆ, ಅವರ ಕಣ್ಣು ಹೋದದ್ದು ಕಾಗದದ ಕಡೆ.

"ಉಲ್ಟಾ ಹಿಡಿದಿದ್ದಿ ನೋಡು," ಎಂದರು ಆ ಮುಂದಾಳಿಗೆ. ಅವನು ಅವರ ಹಳೆಯ ವಿದ್ಯಾರ್ಥಿ. "ಸಾಲ್ಯಾಗೂ ಹಿಂಗೇ ಮಾಡ್ತಿದ್ದಿ. ನೋಡದ ಮೊದಲೇ ಹೇಳ್ತಿದ್ದಿ. ಆ ಗ್ವಾಡಿಗಿ ಹತ್ತಿ ಕೂಡ್ರಿ ಎಲ್ಲಾರೂ. ಸದ್ದು ಮಾಡಬ್ಯಾಡ್ರಿ, ಸದ್ದು ಮಾಡಿದ್ರ ಹಕ್ಕಿ ಬರಂಗಿಲ್ಲ."

ಲಾಠಿ ಹಿಡಿದವರೆಲ್ಲ ಗೋಡೆಗೆ ಒರಗಿ ಕೂತರು. ನನ್ನ ತೋಳು ಮಾತ್ರ ಒಬ್ಬನ ಹಿಡಿತದಲ್ಲೇ ಇತ್ತು. ಬೂದಿಯ ಮೇಲೆ ಬಿಸಿಲು, ಹಕ್ಕಿಯ ಸುಳಿವಿಲ್ಲ. ಇವತ್ತು ಬಾರದೇ ಹೋದರೆ ನನ್ನ ಗತಿ ಏನು? ಕೊನೆಗೆ ಬೇಲಿಯಿಂದ ಚುಕ್ಕಿಯದೊಂದು ಇಳಿಯಿತು, ತಲೆ ಅಲ್ಲಾಡಿಸುತ್ತ ಬೂದಿಯ ಮೇಲೆ ನಡೆಯಿತು, ಕಾಳು ತಿಂದು ಹಾರಿತು. ಮುಂದಾಳು ಎದ್ದು ಹೋಗಿ ಹೆಜ್ಜೆಗಳನ್ನೂ ಕಾಗದವನ್ನೂ ಬಹಳ ಹೊತ್ತು ನೋಡಿದ. ನನ್ನ ತೋಳು ಬಿಡುವಂತೆ ಸನ್ನೆ ಮಾಡಿ, ಮಾಸ್ತರರಿಗೆ ಸಲಾಮು ಹೊಡೆದು ಹೊರಟ. ಆ ಹಕ್ಕಿಯಿಂದ ಮತ್ತು ಆ ಮನುಷ್ಯನ ಹಟದಿಂದ ನಾನು ಬದುಕಿದೆ.

ಮಳೆಗಾಲದ ಕೊನೆಗೆ ಪೊಲೀಸ್ ಆ್ಯಕ್ಷನ್ ಆಯಿತು. ಭಾರತದ ಸೈನ್ಯ ಬಂತು, ರಜಾಕಾರರು ಓಡಿದರು. ಆಮೇಲೆ ಹಳ್ಳಿಹಳ್ಳಿಗಳಲ್ಲಿ ಸೇಡು ತೀರಿಸಿಕೊಳ್ಳುವುದು ಶುರುವಾಯಿತು. ಯಾವ ತಪ್ಪೂ ಮಾಡದ ಮುಸಲ್ಮಾನರು ಪ್ರಾಣ ಕಳೆದುಕೊಂಡರು. ಮಾಸ್ತರರ ಹೆಂಡತಿ ಮಗಳು ಮೊದಲೇ ಹೈದರಾಬಾದಿಗೆ ಹೋಗಿದ್ದರು. ಇವರು ಹೋಗಿರಲಿಲ್ಲ, ಹೆಸರುಕಾಳಿನ ರಾಶಿಯ ಕಾಲದಲ್ಲಿ ಕಣಗಳಿಗೆ ಬೆಳವ ಬಹಳ ಬರುತ್ತವೆ ಎಂಬುದು ಅವರ ಕಾರಣ. ನಾನು ಅವರನ್ನು ನಮ್ಮೂರು ಎಕಂಬಾಕ್ಕೆ ಕರೆದೊಯ್ಯಲು ಎತ್ತಿನ ಬಂಡಿ ತಂದೆ. ನನ್ನ ಧೋತರ ಉಟ್ಟು ಹಣೆಗೆ ವಿಭೂತಿ ಹಚ್ಚಿಕೊಳ್ಳಿ, ನಮ್ಮ ಸೋದರಮಾವ ಅನ್ನುತ್ತೇನೆ ಎಂದೆ.

"ಸುಳ್ಳ ಚೀಟಿ ಕಟ್ಟಿದ ಹಕ್ಕಿ ಯಾತಕ್ಕೂ ಬರಂಗಿಲ್ರಿ," ಎಂದರು. "ಮೇವಿನ ಕೆಳಗ ಮಲಗ್ತೇನಿ. ಅದು ಸುಳ್ಳಲ್ಲ."

ಹಾಗೆಯೇ ಮೇವಿನ ಕೆಳಗೆ ಮಲಗಿ ಬಂದರು, ಪೆಟ್ಟಿಗೆಯನ್ನು ತಬ್ಬಿಕೊಂಡು. ಔರಾದ ದಾಟುವಾಗ ಜನ ಬಂಡಿಯ ಸುತ್ತ ನೆರೆದರೆ ನಾನು ಎತ್ತುಗಳನ್ನು ಬೈಯುತ್ತ, ಹಾಡುತ್ತ, ಏನೇನೋ ಮಾಡಿದೆ. ಮನೆ ಮುಟ್ಟಿದ ಮೇಲೆ ನಮ್ಮವ್ವ ಅವರನ್ನು ಪಡಸಾಲೆಯಲ್ಲಿ ಕೂರಿಸಿ ಬಿಸಿ ರೊಟ್ಟಿ, ಹೆಸರುಬೇಳೆ ಇಟ್ಟಳು. ಅವರು ಜೇಬಿನಿಂದ ಚಮಚ ತೆಗೆದರು.

ಅವ್ವ ನನ್ನನ್ನು ಒಳಗೆ ಕರೆದಳು. "ಜೀವಕ್ಕ ಜೀವ ಒತ್ತಿ ಇಟ್ಟು ತಂದೀದಿ. ನನ್ನ ಅನ್ನಕ್ಕ ಕೈ ಹಚ್ಚಲಾಕ ಹೇಸ್ತಾನಲ್ಲೋ ಇವ!"

ಸೋಮಲದ ಸಂಗತಿ ಹೇಳಿದೆ. ಅವಳು ನಂಬಿದಳೋ ಇಲ್ಲವೋ, ಮಾತಂತೂ ನಿಲ್ಲಿಸಿದಳು.

ಸ್ವಲ್ಪ ದಿನ ಊರು ಸುಮ್ಮನಿತ್ತು. ಮನೆಯಲ್ಲಿ ಯಾರಿದ್ದಾರೆಂದು ಎಲ್ಲರಿಗೂ ಗೊತ್ತು, ಯಾರೂ ಕೇಳಲಿಲ್ಲ. ಆಮೇಲೆ ಊರಬಾವಿಯ ಹತ್ತಿರ ಒಂದು ಎಮ್ಮೆ ಬಿದ್ದು ಒದ್ದಾಡಿ ಸತ್ತಿತು. ಅದು ಎಳೆ ಜೋಳದ ಪೈರು ಮೇಯ್ದು, ಅದರ ನಂಜಿಗೆ ಸತ್ತದ್ದೆಂದು ಆಮೇಲೆ ತಿಳಿಯಿತು, ಆದರೆ ಆ ಹೊತ್ತಿಗೆ ಊರಿನ ಬಾಯಲ್ಲಿ ಒಂದೇ ಮಾತು: ಬಾವಿಗೆ ವಿಷ ಹಾಕಿದ್ದಾರೆ. ಜನ ನಮ್ಮ ಮನೆಗೆ ನುಗ್ಗಿದರು. ಎಲ್ಲರ ಮುಂದೆ ನಮ್ಮ ಓಣಿಯ ಕಮ್ಮಾರ, ಕೈಯಲ್ಲಿ ಕೊಡಲಿ. ಹಾವಳಿಯಲ್ಲಿ ರಜಾಕಾರರು ಅವನ ಅಣ್ಣನನ್ನು ಕೊಂದು ಹೊಲದ ಬದುವಿನಲ್ಲಿ ಬಿಸಾಡಿದ್ದರು. ಅವನ ಮುಖ ಆವತ್ತಿನಿಂದ ಸರಿಯಾಗಿರಲಿಲ್ಲ. ಪೆಟ್ಟಿಗೆಯ ಜೊತೆಗಿದ್ದ ಡಬ್ಬಿ ಸಿಕ್ಕಿತು. ಗುಂಪಿನಲ್ಲಿದ್ದ ಅಕ್ಕಸಾಲಿ ಮುಚ್ಚಳ ತೆಗೆದು ನೋಡಿ, "ಸೋಮಲ," ಎಂದ.

ಮಾಸ್ತರರನ್ನೂ ಪೆಟ್ಟಿಗೆಯನ್ನೂ ಬೇವಿನ ಮರದ ಕಟ್ಟೆಗೆ ಎಳೆದೊಯ್ದರು. ಮುದುಕರಾದ ಪಾಟೀಲರು ಬಂದು ಕೂತರು. ಅವರ ಮಾತು ಇನ್ನೂ ಸ್ವಲ್ಪ ನಡೆಯುತ್ತಿತ್ತು, ಆದರೆ ಎಷ್ಟು ಹೊತ್ತು ನಡೆದೀತೆಂದು ಅವರಿಗೂ ಗೊತ್ತಿರಲಿಲ್ಲ.

"ಇಷ್ಟು ಇಷಾ ಯಾಕ ಇಟ್ಟೀರಿ ಸಾಹೇಬ್ರ? ಖರೇ ಹೇಳ್ರಿ," ಎಂದರು.

"ಹಕ್ಕಿಗಿ ಹುಳ ಹತ್ತಬಾರದಂತ ಇಟ್ಟೇನ್ರಿ."

"ಸತ್ತ ಹಕ್ಕಿಗಿ?" ಯಾರೋ ಕೂಗಿದರು. "ಸುಳ್ಳ ಹೇಳ್ತಾನ, ಕಡೀರಿ ಅವನ್ನ!"

ಮಾಸ್ತರರು ಕಟ್ಟೆಯ ಮೇಲೆ ಕಂಬಳಿ ಹಾಸಿ ಪೆಟ್ಟಿಗೆಯಿಂದ ಬೆಳವಗಳನ್ನು ಒಂದೊಂದಾಗಿ ತೆಗೆದಿಟ್ಟರು. ಗುಂಪು ಮುಂದೆ ಬಂತು. ಸತ್ತು ವರ್ಷಗಳಾದ ಹಕ್ಕಿ ನಿನ್ನೆ ಸತ್ತ ಹಾಗಿತ್ತು.

"ಇದರ ಸಲುವಾಗಿ ಸೋಮಲ," ಎಂದರು. "ಯಾಕ ಇಟ್ಟೇನಿ ಅಂತ ಕೇಳ್ತೀರಿ. ಇವುಗಳಾಗ ಯಾವು ಯಾವುದರ ಬಳಗ, ಅದು ಗೊತ್ತಾಗಬೇಕಾಗ್ಯದ. ನೀವು ದಿನಾ ಕಣದಾಗ ನೋಡ್ತೀರಲ್ಲ, ನೀವೇ ಕೂಡಿಸಿ ಇಡ್ರಿ ನೋಡೋಣು."

ಇವರಿಗೆ ತಲೆ ಕೆಟ್ಟಿದೆ ಅಂದುಕೊಂಡೆ. ಆದರೆ ಒಬ್ಬ ಮುದುಕಿ ಕೈ ಚಾಚಿ, ಹಕ್ಕಿ ಮುಟ್ಟದೆ, ತೋರಿಸಿದಳು: "ಇದು ದೊಡ್ಡದು, ಅದೂ ದೊಡ್ಡದು. ಅವೆರಡೂ ಒಂದು." ಇನ್ನೊಬ್ಬ, ಅಲ್ಲ, ಕೂಗು ಕೇಳಬೇಕು ಎಂದ. ಮತ್ತೊಬ್ಬ ಮಾಂಸದ ರುಚಿಯ ಮಾತು ತೆಗೆದ. ನೀನು ಯಾವಾಗ ತಿಂದಿದ್ದೆಯೋ ಎಂದು ಅವನ ಹೆಂಡತಿ ಹಿಂದಿನಿಂದ ಕೇಳಿದಳು. ಯಾರೋ ನಕ್ಕು, ನಕ್ಕದ್ದಕ್ಕೆ ಹೆದರಿ ಬಾಯಿ ಮುಚ್ಚಿಕೊಂಡರು.

ಆಗ ಕಮ್ಮಾರ ಮುಂದೆ ಬಂದ. ಕೊಡಲಿಯ ತುದಿಯಿಂದಲೇ ಇಟ್ಟಿಗೆ ಬಣ್ಣದ ಸಣ್ಣದನ್ನು ಸರಿಸಿ ಚುಕ್ಕಿಯ ಸಣ್ಣದರ ಪಕ್ಕಕ್ಕೆ ತಳ್ಳಿದ. "ಇವೆರಡೂ ಒಂದು. ಎರಡೂ ಸಣ್ಣವ, ಎರಡೂ ಕೆಂಪವ. ಮುಗೀತು."

"ತಪ್ಪು," ಎಂದರು ಮಾಸ್ತರರು.

ನಾನು ಬೇವಿನ ಬೊಡ್ಡೆ ಹಿಡಿದುಕೊಂಡೆ. ಹೌದಪ್ಪಾ ಅಂದುಬಿಟ್ಟರೆ ಏನು ಗಂಟು ಹೋಗುತ್ತಿತ್ತು ಇವರದು! ಜಗತ್ತಿನ ಯಾವ ಪಂಡಿತ ಎಕಂಬಾದ ಕಟ್ಟೆಗೆ ಬಂದು ತಪ್ಪು ಹಿಡಿಯುತ್ತಿದ್ದ?

"ಹ್ಯಾಂಗ ತಪ್ಪು?" ಎಂದ ಕಮ್ಮಾರ.

"ಹೇಳಿದ್ರ ತಿಳಿಯಂಗಿಲ್ಲ, ಕೈಯಾಗ ಹಿಡಿಬೇಕು. ಕೊಡಲಿ ಕೆಳಗ ಇಡ್ರಿ, ಎರಡೂ ಕೈ ಬೇಕಾಗ್ತಾವ."

ಅವನು ಅವರ ಮುಖ ನೋಡಿದ. ಆಮೇಲೆ ಕೊಡಲಿಯನ್ನು ಕಟ್ಟೆಗೆ ಒರಗಿಸಿ ಎರಡೂ ಕೈ ಚಾಚಿದ. ಮಾಸ್ತರರು ಒಂದು ಅಂಗೈಗೆ ಒಂದರಂತೆ ಹಕ್ಕಿಗಳನ್ನಿಟ್ಟು, ರೆಕ್ಕೆ ಎಲ್ಲಿಗೆ ಮುಗಿಯುತ್ತದೆ, ಬಾಲ ಎಷ್ಟು ಹೊರಗುಳಿಯುತ್ತದೆ ನೋಡು ಎಂದರು. ಕತ್ತಿನ ಹಿಂದೆ ಪಟ್ಟಿ ತೋರಿಸಿದರು. ಪಾಠ ಮಾಡುವಾಗಿನ ಅದೇ ದನಿ. ಆ ಹೊತ್ತು ಅವರಿಗೆ ತಾವು ಎಲ್ಲಿದ್ದೇವೆಂಬುದು ಮರೆತೇ ಹೋಗಿತ್ತೆಂದು ನಾನು ಇವತ್ತಿಗೂ ನಂಬುತ್ತೇನೆ. ಕಮ್ಮಾರ ಬಗ್ಗಿ ಬಗ್ಗಿ ನೋಡಿದ. ಕಬ್ಬಿಣದ ಅಳತೆ ನೋಡಿ ರೂಢಿಯಾದ ಕಣ್ಣು ಅವನದು. "ಇದರದು ಮೋಟ ಅದ," ಎಂದ ಕೊನೆಗೆ. ಹಣೆಯ ಬೆವರು ಒರೆಸಲು ಕೈ ಎತ್ತಿದ.

"ಏಯ್! ಮಾರಿಗಿ ಹಚ್ಚಬ್ಯಾಡ್ರಿ!" ಮಾಸ್ತರರು ಅವನ ಮಣಿಕಟ್ಟು ಗಟ್ಟಿಯಾಗಿ ಹಿಡಿದರು. "ಸೋಮಲ ಅದ ಅದು. ಕಣ್ಣಿಗಿ, ಬಾಯಿಗಿ ಹೋಗಬಾರದು. ನೀರ ತರ್ರಿ ಯಾರಾದ್ರೂ. ಸಾಬೂನ ತರ್ರಿ, ಬೂದಿ ತರ್ರಿ."

ನೀರು ಬಂತು. ಕಟ್ಟೆಯ ಕೆಳಗೆ ನಿಂತು ಕಮ್ಮಾರನ ಕೈಗೆ ತಾವೇ ನೀರು ಹಾಕಿದರು. ಬೂದಿ ಹಚ್ಚಿ ತಿಕ್ಕು ಅಂದರು, ಇನ್ನೊಮ್ಮೆ ಅಂದರು, ಉಗುರಿನ ಸಂದಿ ಉಳಿಯಿತು ನೋಡು ಎಂದು ಬೈದರು. ಡಬ್ಬಿ ಮುಟ್ಟಿದ್ದ ಅಕ್ಕಸಾಲಿಯನ್ನೂ ಕರೆದು ತೊಳೆಸಿದರು. ಊರೆಲ್ಲ ನಿಂತು ನೋಡಿತು.

ಪಾಟೀಲರು ಎದ್ದರು. "ತನ್ನ ಕಡೀಲಾಕ ಬಂದವನ ಕೈ ತೊಳೀತಾನ. ಇವ ಬಾವಿಗಿ ಇಷಾ ಹಾಕ್ತಾನೇನ್ರಪಾ?"

ಕಮ್ಮಾರ ಒದ್ದೆ ಕೈಗಳನ್ನು ಮುಂದೆ ಹಿಡಿದುಕೊಂಡು ಅಳುತ್ತಿದ್ದ. ಅಣ್ಣ ಸತ್ತ ಮೇಲೆ ಅವನು ಅತ್ತದ್ದು ಅದೇ ಮೊದಲು ಎಂದು ಅವನ ಮನೆಯವರು ಆಮೇಲೆ ಹೇಳಿದರು.

ಆದರೆ ಊರಿನ ಹೆದರಿಕೆ ಪೂರ್ತಿ ಹೋಗಲಿಲ್ಲ. ಮನುಷ್ಯ ಇರಲಿ, ವಿಷ ಇರಕೂಡದು ಎಂದರು. ಮಾಸ್ತರರು ನೀರಿನ ಸೆಲೆಯಿಂದ ದೂರದ ಕಲ್ಲು ನೆಲ ತಾವೇ ಆರಿಸಿ, ಆಳವಾಗಿ ಅಗೆಸಿ, ಡಬ್ಬಿಯನ್ನು ಹೂಳಿಸಿದರು. ಬರುವಾಗ ಒಂದೇ ಮಾತು ಅಂದರು: "ಹುಳಕ್ಕೂ ಹಸಿವಿ ಇರ್ತದ್ರಿ." ಅದರ ಅರ್ಥ ಅವರಿಗೊಬ್ಬರಿಗೆ ಸರಿಯಾಗಿ ಗೊತ್ತಿತ್ತು.

ಗಲಾಟೆ ತಣ್ಣಗಾದ ಮೇಲೆ ಅವರು ಬೀದರಿನ ಶಾಲೆಗೆ ಹೋದರು. ಪಾಠ ಉರ್ದುವಿನಿಂದ ಕನ್ನಡಕ್ಕೆ ತಿರುಗಿತ್ತು. ಆ ವಯಸ್ಸಿನಲ್ಲಿ ಕನ್ನಡದ ಅಕ್ಷರ ತಿದ್ದಿ ಕಲಿತರು. ಸೋಮಲಕ್ಕಾಗಿ ಅಂಗಡಿ ಅಂಗಡಿ ತಿರುಗಿದರು, ಆ ದಿನಗಳಲ್ಲಿ ಅವರಿಗೆ ಕೊಡುವ ಧೈರ್ಯ ಯಾರಿಗಿತ್ತು? ಮುಂದಿನ ಮಳೆಗಾಲ ಕಳೆದ ಮೇಲೆ ಪೆಟ್ಟಿಗೆ ಹೊತ್ತು ಎಕಂಬಾಕ್ಕೆ ಬಂದರು. ಅವ್ವನ ಮುಂದೆ, ನನ್ನ ಮುಂದೆ ಮುಚ್ಚಳ ತೆಗೆದರು. ಪುಡಿ, ಉದುರಿದ ಗರಿ, ಹತ್ತಿ. ಚೀಟಿಗಳು ಮಾತ್ರ ಇದ್ದ ಜಾಗದಲ್ಲೇ ಇದ್ದವು, ಯಾವ ಕಾಲಿಗೂ ಕಟ್ಟಿರಲಿಲ್ಲ. ಬೇಟೆಗಾರರ ಬಾಗಿಲಿಗೆ ಹೋಗಿ ಹೋಗಿ ಅವರು ಕೂಡಿಸಿದ್ದ ಕೆಲಸ ಅಷ್ಟೂ ಅಲ್ಲಿತ್ತು. ನನಗೆ ಅಳು ತಡೆಯಲಾಗಲಿಲ್ಲ.

ಅವರು ಅಳಲಿಲ್ಲ. ಎರಡೂ ಕೈ ಬೆಳಕಿಗೆ ಹಿಡಿದು ನನಗೆ ತೋರಿಸಿದರು. ಉಗುರುಗಳ ಮೇಲೆ ಒಂದೂ ಬಿಳಿ ಗೆರೆಯಿರಲಿಲ್ಲ.

"ಬೀದರದಾಗ ಡಾಕ್ಟರ್ ನೋಡಿ ಹೇಳ್ಯಾರ, ಆ ಗೆರಿ ಸೋಮಲದ್ದಂತ. ಇನ್ನ ಸ್ವಲ್ಪ ದಿನ ಆ ಸಾಬೂನ ಮುಟ್ಟಿದ್ರ ನಾನೇ ಇರ್ತಿರಲಿಲ್ಲಂತ. ನಿಮ್ಮ ಊರಿನವರು ನನ್ನ ಕೆಲಸ ಕೊಂದು ನನಗ ಉಳಿಸ್ಯಾರ. ಈಗ ನಾ ಯಾರಿಗಿ ಬೈಯಬೇಕು, ಹೇಳ್ರಿ?"

ಅವ್ವ ಒಳಗಿನಿಂದ ಊಟಕ್ಕೆ ಕರೆದಳು. ಈ ಸಲ ಪಡಸಾಲೆಯಲ್ಲಲ್ಲ, ಅಡುಗೆಮನೆಯಲ್ಲೇ ತಾಟು ಇಟ್ಟಿದ್ದಳು. ಅವರು ರೂಢಿಯಂತೆ ಜೇಬಿಗೆ ಕೈ ಹಾಕಿ ಚಮಚ ತೆಗೆದರು. ಅದನ್ನು ನೋಡಿದರು, ಉಗುರು ನೋಡಿದರು, ಚಮಚವನ್ನು ಪಕ್ಕಕ್ಕಿಟ್ಟರು. ಎದ್ದು ಹೋಗಿ ಕೈ ತೊಳೆದು ಬಂದು, ರೊಟ್ಟಿಯನ್ನು ಬೆರಳಿನಿಂದ ಮುರಿದು ಬೇಳೆಯಲ್ಲಿ ಅದ್ದಿ ಬಾಯಿಗಿಟ್ಟರು. ರೂಢಿ ತಪ್ಪಿದ್ದ ಬೆರಳು, ಬೇಳೆ ಮುಂಗೈವರೆಗೆ ಹರಿಯಿತು. ಅವ್ವ ನಗುತ್ತ ಇನ್ನೊಂದು ರೊಟ್ಟಿ ಹಾಕಿದಳು. ಕಣ್ಣಲ್ಲಿ ನೀರಿತ್ತು, ಒಲೆಯ ಹೊಗೆ ಎಂದಳು.

ಆಮೇಲೆ ಅವರು ಹಲವು ವರ್ಷ ಬದುಕಿದರು. ಹೊಸ ಹಕ್ಕಿಯ ಚರ್ಮ ಮಾಡಲಿಲ್ಲ, ಬೂದಿ ಹರಡುವುದನ್ನು ಬಿಡಲಿಲ್ಲ. ನನಗೂ ಹರಡಲು ಹೇಳುತ್ತಿದ್ದರು. ಹಾಸಿಗೆ ಹಿಡಿದಾಗ ಬೀದರಿಗೆ ನೋಡಲು ಹೋದೆ. ಎರಡೂ ಕೈಯಿಂದ ನನ್ನ ಕೈ ಹಿಡಿದು ಕೇಳಿದರು.

"ಅಂಗಳದಾಗ ಬೂದಿ ಹಾಕ್ಯೀರೇನು?"

"ಹಾಕೀನ್ರಿ."

"ಯಾವು ಬಂದಿದ್ದು?"

"ಚುಕ್ಕೀವೂ ಬಂದಿದ್ದು, ಪಟ್ಟೀವೂ ಬಂದಿದ್ದು."

"ಕೂಡಿ ಬಂದವೋ, ಬ್ಯಾರೆ ಬ್ಯಾರೆ ಬಂದವೋ?"

ಬೇರೆ ಬೇರೆ ಎಂದುಬಿಟ್ಟರೆ ಅವರಿಗೆ ಎಷ್ಟು ಸುಖವಾಗುತ್ತಿತ್ತೆಂದು ನನಗೆ ಗೊತ್ತಿತ್ತು. ಮಾತು ನಾಲಿಗೆಯ ತುದಿಗೆ ಬಂದಿತ್ತು. ಕಟ್ಟೆಯ ಮೇಲೆ ಅವರು ಹೇಳಿದ 'ತಪ್ಪು' ಎಂಬ ಆ ಒಂದು ಪದ ನೆನಪಾಯಿತು.

"ಅದು ನೋಡಿಲ್ರಿ," ಎಂದೆ.

ಅವರ ಮುಖ ಅರಳಿತು. "ಭೇಷ್. ನೋಡಿಲ್ಲ ಅಂದ್ರ ನೋಡಿಲ್ಲ ಅನಬೇಕು. ಇನ್ನೊಮ್ಮೆ ನೋಡಿ ಬಂದು ಹೇಳ್ರಿ."

ಊರಿಗೆ ಬಂದು ವಾರವಾಗಿರಲಿಲ್ಲ, ಅವರು ತೀರಿಕೊಂಡ ಸುದ್ದಿ ಬಂತು, ಮಣ್ಣು ಆದ ಮೇಲೆ. ಆ ದಿನ ಅವ್ವ ಯಾರೂ ಹೇಳದೆಯೇ ಜರಡಿ ತೆಗೆದು ಅಂಗಳದಲ್ಲಿ ಬೂದಿ ಹರಡಿದಳು, ಮೇಲೆ ಹೆಸರುಕಾಳು ಚೆಲ್ಲಿದಳು. ಕಮ್ಮಾರ ಬಂದು ಗೋಡೆಗೆ ಒರಗಿ ಕೂತ. ನಾನೂ ಕೂತೆ. ಯಾರೂ ಮಾತಾಡಲಿಲ್ಲ, ಮಾತಾಡಿದರೆ ಹಕ್ಕಿ ಬರುವುದಿಲ್ಲ. ಈ ಸಲ ನಾನು ಕಣ್ಣು ತೆಗೆಯದೆ ನೋಡಿದೆ. ಮೊದಲು ಚುಕ್ಕಿಯವು ಬಂದು ತಿಂದು ಹೋದವು. ಅವು ಹೋದ ಮೇಲೆ ಪಟ್ಟಿಯವು ಇಳಿದವು. ಬೇರೆ ಬೇರೆಯೇ ಬಂದವು ಮಾಸ್ತರರೇ. ನಾನು ನೋಡಿದೆ.